ಏಳನೆಯ ಪ್ರಶ್ನೆ

ಇನಾರಿಯಲ್ಲಿ ಸೂರ್ಯ ರಜೆ ಹಾಕಿದ ನಾಲ್ಕನೆಯ ವಾರ.
ಮುಚ್ಚಿದ ಅಂಚೆ ಕಚೇರಿಯ ಮೇಲಿನ ನನ್ನ ಬಾಡಿಗೆ ಕೋಣೆಗೆ
ಹೊಸ ಗಿರಾಕಿ ಬಂದಳು, ಹೇಳದೆ ಕೇಳದೆ,
ಸ್ನೋಮೊಬೈಲಿನ ಪೆಟ್ರೋಲು ವಾಸನೆ ಮುಂದೆ, ಅವಳು ಹಿಂದೆ.

ನಾನು ಕಳಿಸಿದ್ದು ಈಮೇಲು:
ಹದಿನಾಲ್ಕು ಪ್ರಶ್ನೆಗಳ ಫಾರಂ, ಒಪ್ಪಂದದ ಕರಡು,
ಶೇಕಡಾ ಮೂವತ್ತು ಮುಂಗಡ, ತಿಂಗಳಿಗೆ ಎರಡೇ ಫೋನು,
ಭಾನುವಾರ ರಜೆ.
ಅವಳು ತಂದದ್ದು ಬೂಟಿನ ಡಬ್ಬಿ,
ಸುತ್ತ ಹಗ್ಗ, ಹಗ್ಗಕ್ಕೆ ನನ್ನಿಂದ ಬಿಚ್ಚಲಾಗದ ಗಂಟು.

ಆ ಫಾರಂ ಸುಮ್ಮನೆ ಹುಟ್ಟಿದ್ದಲ್ಲ.
ಹೋದ ಚಳಿಗಾಲ ಮೀನು ಹೋಟೆಲಿನ ತೋರ್ಸ್ತಿ
"ಸಣ್ಣ ಕೆಲಸ, ಅರ್ಧ ದಿನದ್ದು" ಅಂದಿದ್ದ.
ಮೂರು ವರ್ಷದ ತೆರಿಗೆ ಕೆದಕಿ ಕೆದಕಿ ಕಣ್ಣು ಕೆಂಪಾಗಿ
ಬಿಲ್ಲು ಕಳಿಸಿದರೆ, ಹೊಗೆಯಾಡಿಸಿದ ಮೀನು ಕೊಟ್ಟ.
ರುಚಿಯಾಗಿತ್ತು, ಅದು ಬೇರೆ ಮಾತು.
ಹಾಲಿಗೆ ಬಾಯಿ ಸುಟ್ಟವಳು
ಮಜ್ಜಿಗೆ ಊದುವ ಹದಿನಾಲ್ಕು ಬಗೆ ಬರೆದಿಟ್ಟೆ.

ಬಿರೆತ್ ಕೂತಳು. ಸೊಂಟದ ಚಾಕು ತೆಗೆದು
ಕಾಫಿಗೆ ಒಣಮಾಂಸದ ಚೂರು ಕೊಯ್ದು ಹಾಕಿಕೊಂಡಳು,
ನನ್ನ ಲೋಟಕ್ಕೂ.
ಡಬ್ಬಿ ಬೋರಲಾಯಿತು: ಪೆಟ್ರೋಲು, ಒಣಹುಲ್ಲು,
ಪಶುವೈದ್ಯ, ಮತ್ತೆ ಪೆಟ್ರೋಲು,
ನೆನೆದು ಒಣಗಿ ಅಕ್ಷರ ಅಳಿಸಿಹೋದ ಒಂದು ಚೀಟಿ.
"ಇದೇನು?"
"ಅದು ಅವತ್ತು ನದಿಗೆ ಬಿದ್ದದ್ದು."
ಬಿದ್ದದ್ದು ಚೀಟಿಯೋ, ದುಡ್ಡೋ, ಅವಳೋ, ಕೇಳಲಿಲ್ಲ.

ಹೆಸರು, ವಿಳಾಸ, ತೆರಿಗೆ ಸಂಖ್ಯೆ,
ಆರರವರೆಗೆ ದಾರಿ ಸಲೀಸು.
ಏಳು: ಹಿಮಸಾರಂಗ ಎಷ್ಟಿವೆ?

ಅವಳು ಲೋಟ ಕೆಳಗಿಟ್ಟಳು.
ಫ್ರಿಜ್ಜು ಗೊಣಗಿ ಸುಮ್ಮನಾಯಿತು.
ತಾಂಪೆರೆಯಿಂದ ಬಂದ ನನಗೆ ಯಾರೂ ಹೇಳಿರಲಿಲ್ಲ.
ಇಲ್ಲ, ಹೇಳಿದ್ದರು, ಅಂಗಡಿಯ ಹುಡುಗಿ ಹೇಳಿದ್ದಳು:
ಇಲ್ಲಿ ಏನು ಬೇಕಾದರೂ ಕೇಳು, ಹಿಂಡಿನ ಲೆಕ್ಕ ಕೇಳಬೇಡ.
ಲೆಕ್ಕದವಳು ಲೆಕ್ಕ ಕೇಳದೆ ಇನ್ನೇನು ಕೇಳಲಿ?

"ನಿನ್ನ ಬ್ಯಾಂಕಿನಲ್ಲಿ ಎಷ್ಟಿದೆ?" ಅಂದಳು ಬಿರೆತ್,
ನೆಗಡಿ ವಾಸಿಯಾಯಿತಾ ಅನ್ನುವ ದನಿಯಲ್ಲಿ.

ಹನ್ನೊಂದು ವರ್ಷ ಕಂಡವರ ಜೇಬು ತಡಕಿ ಬದುಕಿದವಳು,
ನನ್ನ ಜೇಬಿಗೆ ಬಂದ ಕೈ ಇದೇ ಮೊದಲು.
ಕಿವಿ ಬಿಸಿಯಾಯಿತು. ಕ್ಯಾಲೆಂಡರು ನೋಡಿದೆ.
"ನಾನೂರ ಹನ್ನೆರಡು ಯೂರೊ," ಅಂದೆ. "ಬಾಡಿಗೆ ಆರುನೂರು.
ಐದನೇ ತಾರೀಕಿಗೆ."
ಅಮ್ಮನಿಗೂ ಹೇಳಿರಲಿಲ್ಲ.

ಅವಳು ಪಾಪ ಅನ್ನಲಿಲ್ಲ. ಪೆನ್ಸಿಲು ತಗೊಂಡು
ಎಡಗೈ ಮರೆಮಾಡಿ, ಪರೀಕ್ಷೆಯಲ್ಲಿ
ಪಕ್ಕದವಳಿಗೆ ಕಾಣದಂತೆ ಬರೆಯುವ ಹುಡುಗಿಯ ಹಾಗೆ
ಏಳರ ಎದುರು ಬರೆದಳು, ಕಾಗದ ನಾಲ್ಕಾಗಿ ಮಡಚಿದಳು.
ಒಪ್ಪಂದದಲ್ಲಿ ಸಹಿಯ ಜಾಗಕ್ಕೆ ಎರಡು ಕಿವಿ ಬಿಡಿಸಿದಳು,
ಎಡದ್ದರ ತುದಿಗೆ ಒಂದು ಕಚ್ಚು, ಬಲದ್ದರ ಅಂಚಿಗೆ ಎರಡು:
ಅವಳ ಪ್ರಾಣಿಗಳ ಗುರುತು, ಅಜ್ಜಿಯಿಂದ ಬಂದದ್ದಂತೆ.
"ಹೆಸರೂ ಬೇಕು," ಅಂದೆ,
"ತೆರಿಗೆಯವರಿಗೆ ಕಿವಿ ಓದಲು ಬರುವುದಿಲ್ಲ."
ಆಗ ನಕ್ಕಳು. ಮುಂದಿನ ಹಲ್ಲೊಂದು ಇರಲಿಲ್ಲ.

ನೋಟು ಎಣಿಸಿಟ್ಟಳು. ಮೂವತ್ತಲ್ಲ, ಅರ್ಧಕ್ಕರ್ಧ.
ಹೆಚ್ಚಾಯಿತು ಅನ್ನುವಷ್ಟರಲ್ಲಿ
ಕೈಗವಸು ಹಾಕಿಕೊಳ್ಳುತ್ತ ಅಂದಳು,
"ಐದನೇ ತಾರೀಕು ಅಂದೆಯಲ್ಲ."

ಸರೋವರದ ಮಂಜುಗಡ್ಡೆಯ ಮೇಲೆ ಕೆಂಪು ದೀಪ
ಸಾಸಿವೆಯಷ್ಟಾಗುವ ತನಕ ಕಿಟಕಿಯಲ್ಲಿ ನಿಂತಿದ್ದು
ಆಮೇಲೆ ಮಡಿಕೆ ಬಿಚ್ಚಿದೆ.
ಎಷ್ಟು ಎಂದು ನಿಮಗೆ ಹೇಳುವುದಿಲ್ಲ.

ನದಿಗೆ ಬಿದ್ದ ಚೀಟಿ ಮೇಜಿನ ಮೇಲೇ ಇದೆ.
ಯಾವ ಖಾತೆಗೆ ಹಾಕಲಿ?
ಬೆಳಗಾಗಲಿ, ನೋಡೋಣ ಅಂದುಕೊಂಡೆ.
ಬೆಳಗಾಗಲು ಇನ್ನೂ ಎರಡು ವಾರವಿದೆ.